ಒಲೆಯ ಕಡೆ, ಕಿಟಕಿಯ ಕಡೆ

ಲಿಂಕನ್, ನೆಬ್ರಾಸ್ಕ
ಡಿಸೆಂಬರ್ 11, 1994, ಭಾನುವಾರ

ಪ್ರೀತಿಯ ಓಟಾಕರ್ ತಾತನಿಗೆ,

ನಿಮ್ಮ ಪಿಪಾಳ ವಂದನೆಗಳು. ತಲುಪಿದ ಕೂಡಲೇ ಕಾಗದ ಹಾಕ್ತೀನಿ ಅಂತ ಬಸ್ಸಿನ ಕಿಟಕಿಯಿಂದ ಕೂಗಿದ್ದೆ. ನಿಮಗೆ ಕೇಳಿಸಿರಲಿಕ್ಕಿಲ್ಲ, ಆದರೂ ತಲೆ ಆಡಿಸಿದಿರಿ. ಈಗ ಎರಡು ವಾರವಾಯಿತು. ಕ್ಷಮಿಸಿ. ಪರೀಕ್ಷೆ ಹತ್ತಿರ ಬಂದಿರೋದು ನಿಜ, ಆದರೆ ತಡವಾದದ್ದು ಅದಕ್ಕಲ್ಲ. ಬರೆಯಲು ಕೂತ ಹಾಳೆಗಳೆಲ್ಲ ಕಸದ ಬುಟ್ಟಿ ಸೇರಿವೆ. ನನ್ನ ಸ್ವಭಾವ ಗೊತ್ತಲ್ಲ, ಅಂಚೆಚೀಟಿ ಓರೆಯಾಗಿ ಅಂಟಿಸಿದರೂ ಟೆನ್ಶನ್ ಮಾಡಿಕೊಳ್ಳೋಳು.

ನನ್ನ ರೂಮಿನ ಡೆನೀಸ್ ಈಗಷ್ಟೇ ಕೇಳಿದಳು, "ಯಾರಿಗೇ ಅದು, ಇಷ್ಟು ಹೊತ್ತಿಂದ?"

"ನಮ್ಮಪ್ಪನ ಚಿಕ್ಕಪ್ಪನಿಗೆ."

"ಫೋನ್ ಮಾಡಬಾರದಾ?"

"ಫೋನಿನಲ್ಲಿ ಅವರಿಗೆ ಕೇಳಿಸಲ್ಲ. ಕೇಳಿಸಿದ ಹಾಗೆ ನಾಟಕ ಬೇರೆ ಮಾಡ್ತಾರೆ. ಹೋದ ಸಲ ನಂಗೆ ಜ್ವರ ಅಂದರೆ 'ಭೇಷ್, ಭೇಷ್' ಅಂದರು."

ಅವಳು ನಕ್ಕು, ನೀವು ಕಟ್ಟಿಕೊಟ್ಟ ಡಬ್ಬಿಯಿಂದ ಕೊನೆಯ ಕೊಲಾಚ್ ಬನ್ನು ಎತ್ತಿಕೊಂಡು ಹೋದಳು. ಗಸಗಸೆ ಹೂರಣದ್ದು! ನನಗೆ ಅಂತ ಇಟ್ಟುಕೊಂಡಿದ್ದು. ಹುಳಿಕೋಸಿನ ಜಾಡಿಯನ್ನು ಮಾತ್ರ ಯಾರೂ ಮುಟ್ಟಿಲ್ಲ. ಮುಚ್ಚಳ ತೆಗೆದರೆ ಇಡೀ ಮಹಡಿಗೆ ಗೊತ್ತಾಗುತ್ತೆ. ಅದು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ತಣ್ಣಗಿದೆ.

ಎಲ್ಲಕ್ಕಿಂತ ಮೊದಲು ಥ್ಯಾಂಕ್ಸ್ ಹೇಳಬೇಕು ತಾತ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಾಲ್ಕು ದಿನಕ್ಕೆ ಮಾತ್ರ ಅಲ್ಲ. ಸ್ಕೂಲಿನ ಹಾಸ್ಟೆಲಿಂದ ಚಳಿಗಾಲದ ರಜೆಗೆ ನಾನು ಬರೋ ದಿನ ಹಿಮ ಬಿದ್ದಿದ್ದರೆ, ಬಸ್ಸು ನಿಲ್ಲೋ ಜಾಗದಿಂದ ನಿಮ್ಮ ಬಾಗಿಲಿನ ತನಕ ಮೊದಲು ಹಿಮ ತಳ್ಳೋ ಗ್ರೇಡರ್ ಗಾಡಿ ಓಡಿಸಿ ದಾರಿ ಬಿಡಿಸುತ್ತಿದ್ದಿರಿ. ಟೌನ್‌ಶಿಪ್ಪಿನ ರಸ್ತೆಗಳ ಕೆಲಸ ನಿಮ್ಮದು, ಗಾಡಿ ಊರಿನದು. ನಿಯಮದ ಪ್ರಕಾರ ಹ್ರೂಬಿ ಅವರ ರಸ್ತೆ ಮೊದಲು ಆಗಬೇಕಿತ್ತು, ಅವರ ಮನೆಗೆ ಹಾಲಿನ ಲಾರಿ ಬರೋದು. ಯಾರೂ ಒಂದು ಮಾತು ಆಡಲಿಲ್ಲ. ಒಂದು ಸಲ ಲಾಡಿ ಹ್ರೂಬಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ಗದರಿದರು: "ಏನಮ್ಮ ಮಹಾರಾಣಿ, ಇನ್ಮೇಲಾದರೂ ಹಾಲು ಕರೆಯೋ ಮುಂಚೆ ಬಂದು ಇಳೀಬಾರದಾ?" ನಾನು ಗಂಭೀರವಾಗಿ ಸಾರಿ ಕೇಳಿದೆ. ಅವರು ಬೆಪ್ಪಾಗಿ ಜೇಬಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು. ಅಷ್ಟೆಲ್ಲ ನನಗೋಸ್ಕರ ನಡೆದದ್ದು ಅಂತ ಆಗ ನನಗೆ ಹೊಳೆದೇ ಇರಲಿಲ್ಲ.

ಇಲ್ಲಿ ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ಹೋದ ವಾರ ನಮ್ಮದೇ ವಿಷಯ ಬಂತು. ಕೌಂಟಿಯಂಥ ದೊಡ್ಡ ಆಡಳಿತ ಇರುವಾಗ ಅದರ ಹೊಟ್ಟೆಯೊಳಗೆ ಮೂವತ್ತು ನಲವತ್ತು ಮನೆಗೊಂದರಂತೆ ಇನ್ನೊಂದು ಪುಟ್ಟ ಪಂಚಾಯಿತಿ ಯಾಕೆ ಅಂತ ಮೇಷ್ಟ್ರು ಕೇಳಿದರು. "ಟೌನ್‌ಶಿಪ್ ಅಂದರೆ ಏನು? ಒಂದು ಹಾಲ್, ಒಂದು ಗಾಡಿ, ಮೂರು ಜನ ಮುದುಕರು." ಎಲ್ಲರೂ ನಕ್ಕರು. ನಾನೂ ನಕ್ಕೆ, ತಪ್ಪು ಹೇಳಿರಲಿಲ್ಲವಲ್ಲ. ಕ್ಲಾಸು ಮುಗಿದ ಮೇಲೆ ಧೈರ್ಯ ಮಾಡಿ ಹೋಗಿ, "ಸಾರ್, ಅಲ್ಲಿ ಒಂದು ಕಬ್ಬಿಣದ ಒಲೆನೂ ಇದೆ" ಅಂದೆ. ಅವರು "ಹೌದೇ?" ಅಂದರು, ಕೂರಿಸಿದರು. ಅವರಿಗೆ ನಮ್ಮ ಮಾರ್ಚ್ ಸಭೆಯ ಕತೆ ಪೂರ್ತಿ ಹೇಳಿದೆ.

ವರ್ಷಕ್ಕೊಂದು ಸಲ ಮೊರಾವಾ ಟೌನ್‌ಶಿಪ್ಪಿನ ಅಷ್ಟೂ ಜನ ಹಾಲಿನಲ್ಲಿ ಸೇರೋದು, ಗುಮಾಸ್ತೆ ಆಲ್ಬೀನಾ ಶಿಮೆಕ್ ಕನ್ನಡಕ ಏರಿಸಿ, "ಈ ವರ್ಷವೂ ರಸ್ತೆ ಕೆಲಸಕ್ಕೆ ಓಟಾಕರ್ ವೊಂಡ್ರಾನೇ ಇರಲಿ ಅನ್ನೋರು ಒಲೆಯ ಕಡೆ, ಬೇರೆಯವರು ಬರಲಿ ಅನ್ನೋರು ಕಿಟಕಿಯ ಕಡೆ" ಅನ್ನೋದು. ಮಾರ್ಚ್ ತಿಂಗಳ ಚಳಿ, ಕಿಟಕಿಯ ಸಂದಿಯಿಂದ ಗಾಳಿ ಕುಯ್ಯುತ್ತಿರುತ್ತೆ. ಕಿಟಕಿಯ ಕಡೆ ಯಾವ ಪ್ರಾಣಿ ಹೋಗುತ್ತೆ? ಊರಿಗೆ ಊರೇ ಒಲೆಯ ಸುತ್ತ ಕೈ ಕಾಯಿಸಿಕೊಂಡು ನಿಲ್ಲುತ್ತಿತ್ತು, ನೀವೂ ಸೇರಿ. "ಸರ್ವಾನುಮತ," ಅಂತ ಆಲ್ಬೀನಾ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬರೋಷ್ಟು ನಗು. ಆಮೇಲೆ, "ಒಲೆ ಇಲ್ಲದ ಕಡೆ ವೋಟು ಹಾಕಿಸಿದರೆ ಏನಾಗುತ್ತಿತ್ತೋ" ಅಂದರು.

ಏನಾಯಿತು ಅಂತ ಅವರಿಗೆ ಹೇಳಲಿಲ್ಲ. ನಿಮಗೆ ಹೇಳಬೇಕು.

ನವೆಂಬರಿನ ಆ ಮಂಗಳವಾರ ನಾನು ವೋಟು ಹಾಕಲು ಬಸ್ಸು ಹಿಡಿದು ಬಂದಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ಕೌಂಟಿಯ ಜನರೆಲ್ಲ ಸೇರಿ ಟೌನ್‌ಶಿಪ್ಪುಗಳನ್ನು ರದ್ದು ಮಾಡಿಬಿಟ್ಟರೆ ಗಾಡಿ ಹೋಗುತ್ತೆ, ಗಾಡಿ ಹೋದರೆ ತಾತ ಬೆಳಗ್ಗೆ ಎದ್ದು ಏನು ಮಾಡ್ತಾರೆ? ಖಾಲಿ ಕೂತರೆ ಉಳೀತಾರಾ? ಹಾಲಿನ ಮೂಲೆಯಲ್ಲಿ ಪರದೆ ಕಟ್ಟಿದ್ದರು. ಅದರ ಹಿಂದೆ ನಿಂತು ನನ್ನ ಬದುಕಿನ ಮೊದಲ ವೋಟು ಹಾಕಿದೆ. ಹೊರಗೆ ಬಂದರೆ ಎಲ್ಲರ ಮುಖವೂ ಸಾವಿನ ಮನೆಯಿಂದ ಬಂದವರ ಹಾಗಿತ್ತು. ಕೌಂಟಿಯವರು ಸೋಲಿಸಿದರೂ ನಮ್ಮ ಊರಾದರೂ 'ಇರಲಿ' ಅಂತಲೇ ಹೇಳುತ್ತೆ ಅಂತ ನಂಬಿಕೊಂಡು ವಾಪಸ್ಸು ಹೋದೆ.

ಹಬ್ಬಕ್ಕೆ ಬಂದಾಗ ನೀವು, ಟೌನ್‌ಶಿಪ್ಪುಗಳು ರದ್ದಾದವು ಅನ್ನೋ ಸುದ್ದಿಯಿದ್ದ ಪೇಪರನ್ನು ಬ್ರೆಡ್ಡಿನ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದಿರಿ. ಬ್ರೆಡ್ಡು ತೆಗೆಯಲು ಹೋಗಿ ನೋಡಿದೆ. ಒಂದೊಂದು ಟೌನ್‌ಶಿಪ್ಪಿನ ಲೆಕ್ಕವೂ ಬೇರೆ ಬೇರೆ ಹಾಕಿದ್ದರು. ಮೊರಾವಾ: ರದ್ದಾಗಲಿ, ಮೂವತ್ತೆಂಟು. ಇರಲಿ, ಒಂದು.

ನೀವು ಬೆನ್ನು ತಿರುಗಿಸಿ ಕಾಫಿ ಸೋಸುತ್ತಿದ್ದಿರಿ. ನಾನು ಪೇಪರನ್ನು ಇದ್ದ ಹಾಗೇ ಮಡಿಸಿಟ್ಟೆ.

ಶನಿವಾರ ಹಾಲಿನಲ್ಲಿ ಕೊನೆಯ ಊಟ. ಆ ಮೂವತ್ತೆಂಟು ಜನರೂ ಪಾತ್ರೆ ಹೊತ್ತುಕೊಂಡು ಬಂದಿದ್ದರು! ಬಾತುಕೋಳಿ, ಡಂಪ್ಲಿಂಗ್ ಕಡುಬು, ಲಾಡಿಯ ಬಿಯರ್ ಪೀಪಾಯಿ. ಒಬ್ಬೊಬ್ಬರೂ ನಿಮ್ಮ ಭುಜ ತಟ್ಟಿದ್ದೇ ತಟ್ಟಿದ್ದು. ಆಲ್ಬೀನಾ ನಿಮ್ಮ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಾ, "ಆ ಒಂದು ವೋಟು ಯಾರದು ಅಂತ ನಾವು ಕೇಳಲ್ಲಪ್ಪ, ಕೇಳಬಾರದು ಕೂಡ" ಅಂದರು. ಲಾಡಿ ಲೋಟ ಎತ್ತಿ, "ಆ ಒಬ್ಬ ಮನುಷ್ಯನಿಗೆ!" ಅಂತ ಕೂಗಿದಾಗ ಊರೆಲ್ಲ ನಿಮ್ಮ ಕಡೆ ತಿರುಗಿತು. ನೀವು ಡಂಪ್ಲಿಂಗನ್ನು ಕತ್ತರಿಸುತ್ತಲೇ ಇದ್ದಿರಿ. ಅದು ಪುಡಿಪುಡಿಯಾಗಿತ್ತು. ಪಾಪ, ನಾಚಿಕೆ ಅಂದುಕೊಂಡೆ.

ಆಮೇಲೆ ಭಾನುವಾರ ಪಿಕಪ್ಪಿನಲ್ಲಿ ನನ್ನನ್ನು ಬಸ್ಸಿಗೆ ಬಿಡಲು ಹೋಗುವಾಗ ಇಡೀ ರಸ್ತೆಗೆ ಕೇಳುವಂತೆ ನೀವು ಹೇಳಿದಿರಿ: "ಪಿಪಾ, ಅದು ನನ್ನ ವೋಟಲ್ಲ ಕಣೇ! ನಾನೂ ರದ್ದಾಗಲಿ ಅಂತಲೇ ಹಾಕಿದ್ದು!"

ನಾನು ಯಾಕೆ ಅಂತ ಕೇಳಲೂ ಇಲ್ಲ, ನೀವೇ ಹೇಳುತ್ತಾ ಹೋದಿರಿ. "ಕಣ್ಣು ಕಣೇ. ಹಿಮ ಬಿದ್ದರೆ ರಸ್ತೆ ಎಲ್ಲಿ ಮುಗೀತು, ಚರಂಡಿ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ಹೋದ ಚಳಿಗಾಲ ಶಿಮೆಕ್‌ ಮನೆ ಮುಂದೆ ರಸ್ತೆಯಂಚಿಗಿದ್ದ ಅಂಚೆಡಬ್ಬಿ ಉರುಳಿಸಿದೆ. ಆಲ್ಬೀನಾ ಏನಂದಳು ಗೊತ್ತಾ? 'ಅದು ಹಳೇದಾಗಿತ್ತು ಬಿಡಿ.' ಹ್ರೂಬಿದೂ ಉರುಳಿಸಿದೆ. 'ಬಣ್ಣ ಹೋಗಿತ್ತು ಬಿಡೋ' ಅಂದ. ಇಂಥವರ ಮುಂದೆ ನಿಂತು ನನಗೆ ಸಾಕು ಅಂತ ಹೇಗೆ ಹೇಳಲಿ? ನನ್ನನ್ನು ಇಟ್ಟುಕೊಳ್ಳಬೇಕು ಅಂತಲೇ ಆ ಆಲ್ಬೀನಾ ಮಂಡಿನೋವು ಕಟ್ಟಿಕೊಂಡು ಸಭೆ ನಡೆಸ್ತಾಳೆ. ಅವಳಿಗೂ ಬಿಡುಗಡೆ ಆಗಲಿ ಅಂತ ಹಾಕಿದೆ. ಈಗ ನೋಡು, ಯಾರದೋ ವೋಟಿಗೆ ನನ್ನ ಭುಜ ತಟ್ಟುತ್ತಾರೆ. ಕಳ್ಳನ ಹಾಗಾಗಿದೆ. ಅದು ಆಲ್ಬೀನಾಳದ್ದೇ ಇರಬೇಕು, ಆ ಹೆಂಗಸಿನ ಮನಸ್ಸು ದೊಡ್ಡದು."

ಅಷ್ಟರಲ್ಲಿ ಬಸ್ಸು ಬಂತು. ನೀವು ಹೆಬ್ಬೆರಳಿಂದ ನನ್ನ ಹಣೆಗೆ ಶಿಲುಬೆ ಎಳೆದು ಹತ್ತಿಸಿದಿರಿ. ನಿಮ್ಮ ಮುಖ ಬಾಡಿತ್ತು.

ಅದಕ್ಕೇ ಈ ಕಾಗದ ತಾತ. ನೀವು ಕಳ್ಳ ಅಲ್ಲ. ಶನಿವಾರ ಹಾಲಿನ ಅಡುಗೆಮನೆಯಲ್ಲಿ ಲಾಡಿ ಮತ್ತು ಆಲ್ಬೀನಾ ತಟ್ಟೆ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ಲಾಡಿ ಇದ್ದಕ್ಕಿದ್ದ ಹಾಗೆ ಕಣ್ಣು ಒರೆಸಿಕೊಂಡರು.

"ಮೋಸ ಮಾಡಿದ್ವಿ ಆಲ್ಬೀನಾ. ನಾವೆಲ್ಲ ಸೇರಿ ಅವನೊಬ್ಬನನ್ನು ಒಂಟಿ ಮಾಡಿದ್ವಿ."

"ಮತ್ತೇನು ಮಾಡಬೇಕಿತ್ತು?" ಅಂದರು ಆಲ್ಬೀನಾ. "ಯಾವತ್ತೋ ಒಂದು ದಿನ ಆ ಗಾಡಿ ಸಮೇತ ಹಳ್ಳಕ್ಕೆ ಬೀಳಲಿ ಅಂತ ಕಾಯಬೇಕಿತ್ತಾ? ಬಾಯಿಬಿಟ್ಟು ಹೇಳೋ ಗಂಡಸು ಒಬ್ಬನಾದರೂ ಇದ್ದನಾ ಈ ಊರಲ್ಲಿ? ನೀನು ಹೇಳಿದೆಯಾ?"

"ನನ್ನ ಅಂಚೆಡಬ್ಬಿನ ಹಿಂದಕ್ಕೆ ನೆಟ್ಟೆ."

"ದೊಡ್ಡ ಶೂರ! ನಾನು ನೆಡಲಿಲ್ವಾ?"

ಆಗ ಆಲ್ಬೀನಾ ನನ್ನ ಕಡೆ ತಿರುಗಿ, "ನಿಮ್ಮ ತಾತನ ಕಿವಿಗೆ ಹಾಕಬೇಡ ಕಣಮ್ಮ" ಅಂದರು. ಕಿವಿಗೆ ಹಾಕುತ್ತಿಲ್ಲ, ಬರೆಯುತ್ತಿದ್ದೇನೆ. ನಾಳೆ ಹೊರಗೆ ಹೋದಾಗ ರಸ್ತೆಯುದ್ದಕ್ಕೂ ನೋಡಿ. ಎಲ್ಲ ಮನೆಯ ಅಂಚೆಡಬ್ಬಿಗಳೂ ರಸ್ತೆಯಿಂದ ಒಂದೊಂದು ಮಾರು ಹಿಂದಕ್ಕೆ ಸರಿದಿವೆ. ಅಂಚೆಯವನು ಗಾಡಿ ನಿಲ್ಲಿಸಿ, ಇಳಿದು, ನಡೆದುಹೋಗಿ ಕಾಗದ ಹಾಕಬೇಕು. ಅವನೂ ದೂರು ಕೊಟ್ಟಿಲ್ಲವಂತೆ. ನೀವು ಅವರನ್ನು ಬಿಡಿಸಬೇಕು ಅಂತ ಹಾಕಿದಿರಿ, ಅವರು ನಿಮ್ಮನ್ನು. ನಿಮ್ಮಲ್ಲಿ ಯಾರೂ ಯಾರಿಗೂ ಸೋತಿಲ್ಲ. ಇಂಥ ಜನರ ನಡುವೆ ನನ್ನ ರಜೆಗಳೆಲ್ಲ ಕಳೆದವಲ್ಲ, ನಾನು ಯಾರಿಗೆ ಥ್ಯಾಂಕ್ಸ್ ಹೇಳಲಿ?

ಆಲ್ಬೀನಾ ಅವರ ಹತ್ತಿರ ಹೋಗಿ ನಿಜ ಹೇಳಿಬಿಡಿ. ಬೈತಾರೆ. ಬೈದ ಮೇಲೆ ಕಾಫಿ ಕೊಡ್ತಾರೆ. ಜನವರಿಯಲ್ಲಿ ಕೌಂಟಿಯ ಹುಡುಗ ಗಾಡಿ ತೆಗೆದುಕೊಂಡು ಹೋಗಲು ಬಂದಾಗ ಕ್ಲಚ್ಚು ಸ್ವಲ್ಪ ಮೊಂಡು ಅಂತ ಅವನಿಗೆ ಹೇಳಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇದಕ್ಕೆ 'ಭೇಷ್' ಅಂತ ಬರೆದು ತಪ್ಪಿಸಿಕೊಳ್ಳಬೇಡಿ.

ಕ್ರಿಸ್ಮಸ್ಸಿಗೆ ಇಪ್ಪತ್ತಮೂರಕ್ಕೇ ಬರುತ್ತೇನೆ. ಹಿಮ ಬಿದ್ದಿದ್ದರೆ ಬಸ್ಸು ಇಳಿದು ನಡೆದುಕೊಂಡೇ ಬರುತ್ತೇನೆ, ಬೂಟು ಗಟ್ಟಿಯಾಗಿದೆ. ಮಾತೆ ಮರಿಯಾ ನಿಮ್ಮನ್ನು ಬೆಚ್ಚಗೆ ಇಟ್ಟಿರಲಿ. ನಿಮ್ಮ ಹೆಬ್ಬೆರಳು ನನ್ನ ಹಣೆಯ ಮೇಲೆ ಸದಾ ಇರಲಿ, ಪರೀಕ್ಷೆಯ ದಿನ ವಿಶೇಷವಾಗಿ.

ನಿಮ್ಮ ಮೊಮ್ಮಗಳು,
ಪಿಪಾ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಆ ಒಂದು ವೋಟು ಆಲ್ಬೀನಾ ಅವರದ್ದಲ್ಲ ತಾತ. ನನ್ನದು. ನಿಮಗೋಸ್ಕರ ಹಾಕಿದೆ ಅಂತ ಬರೆದಿದ್ದರೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಅದು ಅರ್ಧ ಮಾತ್ರ ನಿಜ. ಅಪ್ಪ ಅಮ್ಮ ಬೇರೆಯಾದಾಗಲೂ ಮನೆಯಲ್ಲಿ ಜಗಳ ಇರಲಿಲ್ಲ. ನೀನು ಪಾಪ ಸುಸ್ತಾಗಿದ್ದೀಯ, ನೀನೂ ಪಾಪ ಸುಸ್ತಾಗಿದ್ದೀಯ ಅಂತ ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟರು. ಅಮ್ಮ ಇಂಗ್ಲೆಂಡಿನ ತನ್ನ ಊರಿಗೆ, ಅಪ್ಪ ವಾಯುಪಡೆಯ ಜೊತೆ ಜರ್ಮನಿಗೆ, ನಾನು ಸಿಸ್ಟರುಗಳ ಹಾಸ್ಟೆಲಿಗೆ. ಎಲ್ಲರೂ ಎಷ್ಟು ಒಳ್ಳೆಯವರಾಗಿದ್ದರು ಅಂದರೆ ನನಗೆ ಅಳೋಕೂ ಕಾರಣ ಸಿಗಲಿಲ್ಲ. ಏಳು ವರ್ಷದವಳನ್ನು ಯಾರೂ ಕೇಳಲೂ ಇಲ್ಲ. ಈ ಸಲ ಪರದೆಯ ಹಿಂದೆ ಚೀಟಿ ಕೈಗೆ ಕೊಟ್ಟು, ಇರಲೋ ಬೇಡವೋ ಅಂತ ನನ್ನನ್ನೂ ಕೇಳಿದರು. ಗೆಲ್ಲುತ್ತೆ ಅಂತ ಹಾಕಿದ್ದಲ್ಲ ತಾತ. ಕೇಳಿದರಲ್ಲ, ಅದಕ್ಕೆ.