ಫ್ರೀಜರ್ ಸ್ಟೋರಿ

ದೂಮಣ್ಣಾ,

ನೀವು ಇದನ್ನು ಓದುವುದಿಲ್ಲವೆಂದು ಗೊತ್ತು. ಆದರೂ ಇವತ್ತು ನಡೆದದ್ದನ್ನು ನಿಮಗೇ ಹೇಳಬೇಕು.

ಮುಂದಿನ ಹಡಗು ಹತ್ತುವ ಮೊದಲು ಒಂದು ವಾರ ರಜೆ ಸಿಕ್ಕಿದೆ. ಮಲೇಷ್ಯಾದ ಗಡಿ ತೆರೆದದ್ದೇ ತಡ, ನನ್ನ ಹುಡುಗಿ ಇಂಚರ ಬೆಂಗಳೂರಿನಿಂದ ಇಲ್ಲಿ ಕ್ಲಾಂಗ್‌ನ ನನ್ನ ಮನೆಗೆ ಬಂದಳು. ಹಡಗಿನಲ್ಲಿ ನಮಗೆಲ್ಲ ಅಡುಗೆ ಮಾಡಿ ಹಾಕುತ್ತಿದ್ದ ನೀವು ಕೋವಿಡ್‌ನಿಂದ ತೀರಿಕೊಂಡದ್ದನ್ನು, ಯಾವ ಬಂದರಿನವರೂ ನಿಮ್ಮನ್ನು ಇಳಿಸಲು ಬಿಡದೆ ಮಾಂಸವಿಡುವ ಫ್ರೀಜರ್‌ನಲ್ಲಿಟ್ಟುಕೊಂಡು ತಿರುಗಿದ್ದನ್ನು, ಬಂದ ದಿನವೇ ಅವಳಿಗೆ ಹೇಳಿ ಅತ್ತಿದ್ದೆ.

ಇವತ್ತು ಹತ್ತಿರದ ಪೆಟಾಲಿಂಗ್ ಜಯಾದಲ್ಲಿ, ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಇಲ್ಲಿ ಕೆಲಸಕ್ಕಿರುವ ಅವಳ ಗೆಳೆಯರ ಜೊತೆ ಊಟಕ್ಕೆ ಕೂತಿದ್ದೆವು.

"ಭುವನ್, ಆ ಫ್ರೀಜರ್ ಸ್ಟೋರಿ ಹೇಳೋ, ಸಖತ್ತಾಗಿದೆ!" ಎಂದಳು.

ನಾನು ಬೇಡವೆಂದು ತಲೆಯಾಡಿಸಿದೆ. ಅವಳೇ ಹೇಳಿದಳು.

"ಹಾಗಾದ್ರೆ ಚಿಕನ್ ಎಲ್ಲಿಟ್ರಿ?" ಎಂದ ಒಬ್ಬ. ಎಲ್ಲರೂ ನಕ್ಕರು. ಬಾಯಲ್ಲಿ ತುತ್ತಿಟ್ಟುಕೊಂಡೇ ಅವಳೂ ನಕ್ಕಳು.

ನಾನು ತಟ್ಟೆ ತಳ್ಳಿದೆ. ಎದ್ದು ಹೊರಗೆ ಬಂದೆ. ಹಿಂದೆಯೇ ಬಂದು ಕೈ ಹಿಡಿದಳು.

"ಜೋಕ್ ಕಣೋ, ಯಾಕಿಷ್ಟು ಸೀರಿಯಸ್ ಆಗ್ತೀಯ?"

ಆ ಕೈ ಮುಟ್ಟಿದ್ದೂ ಹೇಸಿಗೆ ಎನಿಸಿ ಬಿಡಿಸಿಕೊಂಡೆ.

"ಆ ಅಡುಗೆಯವರ ಹೆಸರೇನು, ಹೇಳು?"

"ಮರೆತೋಯ್ತು. ಏನದು?"

ನಾನು ಹೇಳಲಿಲ್ಲ, ದೂಮಣ್ಣಾ. ಅವಳ ಬಾಯಿಂದ ನಿಮ್ಮ ಹೆಸರು ಕೇಳುವುದು ನನಗೆ ಬೇಡವಾಗಿತ್ತು.