ಕತ್ತರಿ ಕಾಣದ ಕುರಿ

ಕೆರೆಬಿಳಚಿ
ಭಾನುವಾರ, ೨೨ ಡಿಸೆಂಬರ್ ೨೦೨೪

ಪ್ರೀತಿಯ ಅಜ್ಜಿಗೆ,

ನಿನ್ನ ಗುರು ಮಾಡುವ ಶರಣು. ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಹೊತ್ತು ಹೊತ್ತಿಗೆ ಔಷಧಿ ಹಾಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಉರಿಯುತ್ತದೆ ಎಂದು ಅತ್ತೆಯ ಹತ್ತಿರ ಜಗಳ ತೆಗೆಯುತ್ತಿದ್ದೀಯೋ? ಒಲೆಯ ಮುಂದೆ ಕೂರಬೇಡ ಎಂದು ಡಾಕ್ಟರು ಹೇಳಿದ್ದಾರೆ. ನೀನು ಕೂತೇ ಇರುತ್ತೀಯ, ಅದು ನನಗೆ ಗೊತ್ತು. ಇಲ್ಲಿ ಅಪ್ಪ ಅಮ್ಮ ಆರಾಮವಾಗಿದ್ದಾರೆ. ಭತ್ತ ಕೊಯ್ದಾಯಿತು, ಗದ್ದೆ ಖಾಲಿಯಾಗಿದೆ. ಫೋನ್ ಇರುವಾಗ ಪತ್ರ ಯಾಕೆ ಎಂದು ನಗಬೇಡ. ಮಲ್ಲಿಕಾರ್ಜುನಪ್ಪ ಮಾವ ಫೋನನ್ನು ಸ್ಪೀಕರಿಗೆ ಹಾಕಿಯೇ ನಿನ್ನ ಕೈಗೆ ಕೊಡುತ್ತಾನೆ, ನಾನು ಇಲ್ಲಿ ಕೆಮ್ಮಿದರೆ ನ್ಯಾಮತಿಯ ನಿಮ್ಮ ಬೀದಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಅಂಚೆಗೂ ಹಾಕದೆ ಕೈಯಲ್ಲಿ ಕಳಿಸುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ ಇಷ್ಟನ್ನೇ ಹೇಳಿದ್ದೆನಲ್ಲ, ಪತ್ರ ಬಂದ ಮರುದಿನ, ಮಾವ ಅಂಗಡಿಗೆ ಹೋದ ಮೇಲೆ, ಮಧ್ಯಾಹ್ನದ ಊಟ ಮುಗಿಸಿ, ತಂದುಕೊಟ್ಟವರನ್ನೇ ಕರೆಸಿ ಓದಿಸಿಕೊ. ಓದುವವರಿಗೆ ಕಷ್ಟವಾಗದಿರಲಿ ಎಂದು ಅಕ್ಷರ ಬಿಡಿಸಿ ದೊಡ್ಡದಾಗಿ ಬರೆದಿದ್ದೇನೆ. ಏನೇ ಬಂದರೂ ನಡುವೆ ನಿಲ್ಲಿಸುವುದು ಬೇಡ, ಕೊನೆಯವರೆಗೆ ಓದಲಿ.

ಅಜ್ಜಿ, ನೀನು ಬಂದವರಿಗೆಲ್ಲ ಒಂದು ಮಾತು ಹೇಳುತ್ತೀಯ: "ನನ್ನ ಮೊಮ್ಮಗ ಜಗಳೂರು ಕಡೆ ಹಟ್ಟಿ ಮಕ್ಕಳಿಗೆ ಅಕ್ಷರ ಕೊಟ್ಟು ಬಂದಾನೆ" ಎಂದು. ಕಳೆದ ಸಲ ನಾನು ಬಂದಾಗ ಹಾಲಿನವಳಿಗೂ ನೀನು ಹೇಳಿದೆ. ನಾನು ಪಕ್ಕದಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದೆ, ಬೇಡ ಎನ್ನಲಿಲ್ಲ. ಇನ್ನು ಮುಂದೆ ಆ ಮಾತನ್ನು ಹೇಳಬೇಡ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ. ಬರೆಯಲು ಕೂತರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ.

ಆ ಹಟ್ಟಿಗೆ ಹೋಗಬೇಕಾದರೆ ಜಗಳೂರಿನಿಂದ ಬಸ್ಸು ಹಿಡಿದು ಕ್ರಾಸಿನಲ್ಲಿ ಇಳಿದು, ಆಮೇಲೆ ಮೆಕ್ಕೆಜೋಳ, ಶೇಂಗಾ ಹೊಲಗಳ ನಡುವೆ ನಡೆಯಬೇಕು. ಬಿ.ಎಡ್ ಮುಗಿಸಿ ಮನೆಯಲ್ಲಿ ಕೂತಿದ್ದವನಿಗೆ ಅತಿಥಿ ಶಿಕ್ಷಕನ ಕೆಲಸ ಸಿಕ್ಕಿದ್ದು ಅಲ್ಲಿ. ಐದನೆಯ ತರಗತಿವರೆಗಿನ ಶಾಲೆ, ಇದ್ದವನು ನಾನೊಬ್ಬನೇ. ಹಟ್ಟಿಯವರೆಲ್ಲ ಕುರಿ ಸಾಕುವವರು. ದೀಪಾವಳಿ ಮುಗಿದರೆ ಮಂದೆ ಹೊಡೆದುಕೊಂಡು ನಮ್ಮ ಭದ್ರಾ ಕಾಲುವೆಯ ಕಡೆಗೆ ಬರುತ್ತಾರೆ, ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ನೀನು ಚಿಕ್ಕಂದಿನಿಂದ ನೋಡಿದ್ದೇ. ಆದರೆ ಅವರ ಜೊತೆಗೆ ಮಕ್ಕಳೂ ಬಂದುಬಿಡುತ್ತವೆ, ಬೇಸಿಗೆಯವರೆಗೆ ಹಿಂದಿರುಗುವುದಿಲ್ಲ, ಆ ವರ್ಷದ ಓದು ಅಲ್ಲಿಗೇ ನಿಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಆ ಶಾಲೆಗೆ ಹೋದ ಮೇಲೆಯೇ. ಇದೊಂದನ್ನು ನಾನು ಸರಿಮಾಡಿಬಿಡುತ್ತೇನೆ ಎಂದು ಹೊರಟೆ. ಹೊಸದಾಗಿ ಮೇಷ್ಟ್ರಾದವನ ಉಮೇದು.

ಅಲ್ಲಿ ಕಾಟಮ್ಮ ಎಂಬ ಹುಡುಗಿ ಇದ್ದಳು. ಮುತ್ತಜ್ಜಿಯ ಹೆಸರನ್ನು ಇಟ್ಟಿದ್ದರು. ಐದನೆಯ ತರಗತಿ. ಗೊಬ್ಬರದ ಚೀಲ, ಬಸ್ಸಿನ ಬೋರ್ಡು, ಮಾತ್ರೆ ಕಟ್ಟಿಕೊಟ್ಟ ಕಾಗದ, ಕಣ್ಣಿಗೆ ಬಿದ್ದಿದ್ದನ್ನೆಲ್ಲ ಓದುತ್ತಿದ್ದಳು. ಓದುವಾಗ ಯಾರು ಕರೆದರೂ ವಾಕ್ಯ ಮುಗಿಯುವವರೆಗೆ ತಲೆ ಎತ್ತುತ್ತಿರಲಿಲ್ಲ. ನಾನು ನಿನ್ನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಾಗ ನೀನು ಗೋಡೆಯ ಮೇಲಿನ ಪೋಸ್ಟರುಗಳನ್ನೆಲ್ಲ ನನ್ನಿಂದ ಓದಿಸುತ್ತಿದ್ದೆಯಲ್ಲ, ಅದೇ ನೆನಪಾಗುತ್ತಿತ್ತು. ಅವಳನ್ನು ಹಟ್ಟಿಯಲ್ಲಿ ಅವಳಜ್ಜಿಯ ಹತ್ತಿರ ಬಿಟ್ಟುಹೋಗು ಎಂದು ಅವಳಪ್ಪ ರಂಗಣ್ಣನ ಹಿಂದೆ ಬಿದ್ದೆ. ಅವರಲ್ಲಿ ಮಂದೆ ಹಟ್ಟಿ ಬಿಡುವಾಗ ಮನೆಯ ಹಿರಿಮಗಳು ಮುಂದೆ ನಡೆಯಬೇಕು. ಕಾಟಮ್ಮನೇ ಹಿರಿಯವಳು. "ಹಿರೇಮಗಳು ಮುಂದೆ ನಡೀದೆ ನಾವು ಯಾವತ್ತೂ ಹಟ್ಟಿ ಬಿಟ್ಟಿಲ್ಲ ಸಾರ್, ದೇವ್ರು ಏನಂತಾನೋ" ಎಂದು ರಂಗಣ್ಣ ತಲೆ ಕೆರೆದುಕೊಂಡ. ನಾನು ಎದೆ ಮುಂದೆ ಮಾಡಿ, "ದೇವರಿಗೆ ನಾನು ಜವಾಬು ಕೊಡ್ತೀನಿ. ಪರೀಕ್ಷೆ ಮುಗಿಯೋವರೆಗೂ ನಾನು ಇಲ್ಲಿಂದ ಕದಲೋದಿಲ್ಲ" ಎಂದೆ. ಗುಡಿಯ ಮುಂದೆ ನಿಂತು, ಹಟ್ಟಿಯವರೆಲ್ಲ ಕೇಳುವಂತೆ ಹೇಳಿದೆ ಅಜ್ಜಿ.

ರಂಗಣ್ಣ ಒಪ್ಪಿದ. ಅವನನ್ನು ನೋಡಿ ಉಳಿದವರೂ ಮಕ್ಕಳನ್ನು ಬಿಟ್ಟುಹೋದರು. ಮಗುವನ್ನು ಯಾರ ಭರವಸೆಯ ಮೇಲೆ ಬಿಡುತ್ತಾರೋ ಅವರ ಹೆಸರಿನಲ್ಲಿ ಮಂದೆಯಲ್ಲಿ ಒಂದು ಹೆಣ್ಣುಮರಿ ಬಿಡುವುದು ಅವರ ಪದ್ಧತಿ. ಹೊರಡುವ ದಿನ ಮರಿಯೊಂದರ ಕಿವಿ ಸೀಳಿ ಗುರುತು ಮಾಡಿ, "ಮರಿ ನಿಮ್ದು, ಮಗಳೂ ನಿಮ್ದು" ಎಂದು ಹೇಳಿ ರಂಗಣ್ಣ ಮಂದೆ ಹೊಡೆದುಕೊಂಡು ಹೋದ. ಆ ದಿನ ಮುಂದೆ ನಡೆದವಳು ಕಾಟಮ್ಮನ ತಂಗಿ. ಕಾಟಮ್ಮ ಶಾಲೆಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು.

ಆಮೇಲೆ ಏನಾಯಿತು ಎಂದರೆ, ನನಗೆ ಬೇಸರವಾಯಿತು. ಬೇರೆ ದೊಡ್ಡ ಕಾರಣ ಇದ್ದಿದ್ದರೆ ಈಗ ಬರೆಯಲು ಎಷ್ಟು ಸಲೀಸಾಗುತ್ತಿತ್ತು! ಸಂಜೆ ಮಾತಾಡಲು ಯಾರೂ ಇರಲಿಲ್ಲ, ಟ್ಯಾಂಕರಿನ ನೀರು, ಧೂಳು. ಸಂಕ್ರಾಂತಿ ಕಳೆದು ಚನ್ನಗಿರಿಯ ಒಂದು ಖಾಸಗಿ ಶಾಲೆಯವರು ಕರೆದರು. ಶನಿವಾರ ಚೀಲ ಹೆಗಲಿಗೇರಿಸಿದಾಗ ಕಾಟಮ್ಮ ಕ್ರಾಸಿನವರೆಗೆ ಜೊತೆಗೆ ಬಂದಳು. "ಸೋಮವಾರ ಬರ್ತೀನಿ" ಎಂದೆ. ಸೋಮವಾರ ಚನ್ನಗಿರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದೆ. ಹಟ್ಟಿಯಿಂದ ಭೀಮೇಶ್ ಎಂಬವನು ಫೋನ್ ಮಾಡಿದ. ನಿಜ ಹೇಳಲು ಧೈರ್ಯ ಸಾಲದೆ, ಕಾಮಾಲೆ ಆಗಿದೆ, ಬಹಳ ಜೋರಾಗಿದೆ ಎಂದೆ. ಆಮೇಲೆ ಆ ನಂಬರಿನಿಂದ ಬಂದ ಫೋನನ್ನು ಎತ್ತಲೇ ಇಲ್ಲ. ಚನ್ನಗಿರಿಯವರು ಒಂದು ವರ್ಷಕ್ಕೇ ನನ್ನನ್ನು ಕೈಬಿಟ್ಟರು, ಅದಿರಲಿ. ಒಂದು ಸುಳ್ಳು ಹೇಳಿದೆ, ಅದು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ.

ಕಳೆದ ಬುಧವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ "ಮೇಷ್ಟ್ರೇ" ಎಂದು ಯಾರೋ ಕೂಗಿದರು. ದನಿ ಕೇಳಿದ್ದೇ ಗೊತ್ತಾಯಿತು, ರಂಗಣ್ಣ. ತ್ಯಾವಣಿಗೆಯಲ್ಲಿ ಕರೆದವರನ್ನೆಲ್ಲ ಬಿಟ್ಟು, ಮೇಷ್ಟ್ರ ಗದ್ದೆಯಲ್ಲೇ ಮೊದಲು ಕುರಿ ನಿಲ್ಲಿಸಬೇಕು ಎಂದು ದಾರಿ ಕೇಳಿಕೊಂಡು ಬಂದಿದ್ದ. ನಿನ್ನ ಮೊಮ್ಮಗ ಏನು ಮಾಡಿದ ಗೊತ್ತೇ? ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ದಾವಣಗೆರೆಗೆ ಹೋಗಿದ್ದೇನೆ ಎಂದು ಹೇಳು ಎಂದು ಅಮ್ಮನಿಗೆ ಕೈಸನ್ನೆ ಮಾಡಿದೆ. ಸುಳ್ಳೆಂದರೆ ಆಗದ ನಿನ್ನ ಮಗಳು ನನಗೋಸ್ಕರ ತಡವರಿಸುತ್ತ ಸುಳ್ಳು ಹೇಳಿದಳು. ರಂಗಣ್ಣ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ ಹೇಳಿದ್ದೆಲ್ಲ ಒಳಗೆ ಒದ್ದೆ ನೆಲದ ಮೇಲೆ ನಿಂತಿದ್ದ ನನಗೆ ಕೇಳಿಸುತ್ತಿತ್ತು.

"ಮೇಷ್ಟ್ರು ಕಾಮಾಲೆಯಿಂದ ಉಳ್ಕೊಂಡ್ರಲ್ಲ ತಾಯಿ, ಅಷ್ಟು ಸಾಕು. ತಪ್ಪು ನಮ್ದೇ. ಹಿರೇಮಗಳನ್ನ ಹಿಂದೆ ಬಿಟ್ಟು ಹಟ್ಟಿ ದಾಟಿದ್ವಿ, ದೇವ್ರು ಮುನಿಸ್ಕೊಂಡ. ನಮ್ಮ ಮ್ಯಾಲೆ ಬರಬೇಕಾದ್ದು ಅವ್ರ ಮ್ಯಾಲೆ ಹೋತು. ಆಮ್ಯಾಲೆ ನಾವ್ಯಾರೂ ಮಕ್ಳನ್ನ ಬಿಟ್ಟು ಬಂದಿಲ್ಲ, ಇಸ್ಕೂಲಿಗೂ ಕಳಿಸಿಲ್ಲ. ಬ್ಯಾರೆ ಮೇಷ್ಟ್ರು ಬಂದು ಕೇಳಿದ್ರು, ಬ್ಯಾಡ ಸಾಮಿ, ನೀವಾರ ಚೆನ್ನಾಗಿರಿ ಅಂದ್ವಿ. ಅವ್ರ ಹೆಸ್ರಿನ ಕುರಿಗೆ ಇವತ್ತಿಗೂ ಕತ್ತರಿ ಹಾಕಿಲ್ಲ. ಮೇಷ್ಟ್ರು ಆರಾಮಾಗಿ ಬಂದು ಅವ್ರ ಕೈಯಿಂದ್ಲೇ ಮೊದಲು ಕತ್ತರಿಸ್ಬೇಕು ಅಂತ ಹರಕೆ ಐತೆ."

ಅಜ್ಜಿ, ನನ್ನ ಬೇಸರಕ್ಕೆ ನಾನು ಹೇಳಿದ ಒಂದು ಸುಳ್ಳನ್ನು ಅವರು ದೇವರ ಮಾತೆಂದು ತಿಳಿದು, ಹಟ್ಟಿಯ ಮಕ್ಕಳ ಓದನ್ನೇ ನಿಲ್ಲಿಸಿದ್ದರು. ನಾನು ಹೋಗದೇ ಇದ್ದಿದ್ದರೆ ಆ ಮಕ್ಕಳು ಅಲ್ಲಿಷ್ಟು ಇಲ್ಲಿಷ್ಟು ಕಲಿಯುತ್ತಿದ್ದವು. ನಾನು ಹೋಗಿ ಅದನ್ನೂ ಕಳೆದೆ.

ಮರುದಿನ ಬೆಳಿಗ್ಗೆ ಗದ್ದೆಗೆ ಹೋದೆ, ನಿಜ ಹೇಳಿಬಿಡಬೇಕು ಎಂದೇ ಹೋದೆ. ಏರಿಯ ಮೇಲಿನಿಂದಲೇ ಆ ಕುರಿ ಕಾಣಿಸಿತು. ಉಳಿದವೆಲ್ಲ ಉಣ್ಣೆ ಕತ್ತರಿಸಿಕೊಂಡು ಹಗುರವಾಗಿದ್ದವು. ಇದೊಂದು ಮಾತ್ರ ಹಳೆಯ ಹಾಸಿಗೆ ಹೊತ್ತ ಹಾಗೆ, ಗಂಟುಗಂಟು ಉಣ್ಣೆ ಹೊಟ್ಟೆಯ ಕೆಳಗೆ ಜೋತು, ಮುಳ್ಳು ಕಸ ಎಲ್ಲ ಅಂಟಿಸಿಕೊಂಡು ಏದುಸಿರು ಬಿಡುತ್ತ ನಿಂತಿತ್ತು. ಪಕ್ಕದಲ್ಲಿ ಅದರ ಮರಿ. ಎರಡು ವರ್ಷ ಆ ಹೊರೆ ಹೊತ್ತು ಬಿಸಿಲಿನಲ್ಲಿ ನಡೆದಿದೆ, ನನ್ನ ಕಾಮಾಲೆ ವಾಸಿಯಾಗಲಿ ಎಂದು. ಕಾಟಮ್ಮ ಕೋಲು ಹಿಡಿದು ಓಡಿಬಂದಳು, ಎತ್ತರವಾಗಿದ್ದಾಳೆ. "ಈಗ ಆರಾಮಾ ಸಾರ್?" ಎಂದು ಕೇಳಿದಳು.

"ಆರಾಮ" ಎಂದೆ. ಅಷ್ಟಕ್ಕೂ ಸುಮ್ಮನಿರಲಿಲ್ಲ, "ಈಗಲೂ ಎಣ್ಣೆ ಪದಾರ್ಥ ತಿನ್ನೋ ಹಂಗಿಲ್ಲ" ಎಂದು ಸೇರಿಸಿದೆ. ಅದನ್ನು ಯಾಕೆ ಹೇಳಿದೆನೋ ನನಗೇ ಗೊತ್ತಿಲ್ಲ. ರಂಗಣ್ಣ ಕತ್ತರಿ ಕೊಟ್ಟ. ಕಾಟಮ್ಮ ಕುರಿಯ ತಲೆಯನ್ನು ಮಡಿಲಿಗೆ ಒತ್ತಿ ಹಿಡಿದು, "ನೋಡು, ನಿಮ್ ಸಾರ್ ಬಂದ್ರು" ಎಂದು ಅದರ ಕಿವಿಯಲ್ಲಿ ಹೇಳಿದಳು. ನಾನು ಕತ್ತರಿಸಿದೆ, ಎಲ್ಲರೂ ದೇವರಿಗೆ ಕೈಮುಗಿದರು. ಊಟಕ್ಕೆ ಕೂರಿಸಿದರು. ನನ್ನ ತಟ್ಟೆಗೆ ಬಿದ್ದ ಮೆಣಸಿನಕಾಯಿ ಬಜ್ಜಿಯನ್ನು ರಂಗಣ್ಣನ ಹೆಂಡತಿ ಗಾಬರಿಯಿಂದ ತೆಗೆದಿಟ್ಟಳು, ಮೇಷ್ಟ್ರಿಗೆ ಆಗಿಬರುವುದಿಲ್ಲ ಎಂದು. ಈಗಲೂ ಓದುತ್ತೀಯಾ ಎಂದು ಕಾಟಮ್ಮನನ್ನು ಕೇಳಿದೆ. "ಸಿಕ್ಕಿದ್ದು ಓದ್ತೀನಿ ಸಾರ್. ಇಸ್ಕೂಲಿಗೆ ಹೋಗಾಕೆ ಮಾತ್ರ ಆಗಲ್ಲ. ನಾನು ಹೋದ್ರೆ ಮತ್ತೆ ಯಾರಿಗಾರ ಏನಾರ ಆದೀತು" ಎಂದಳು. ನಗುತ್ತಲೇ ಹೇಳಿದಳು. ನಾನು ಕೈ ತೊಳೆದುಕೊಂಡು ಮನೆಗೆ ಬಂದೆ.

ಅಂದಿನಿಂದ ದಿನವೂ ಗದ್ದೆಯ ದಾರಿ ಹಿಡಿಯುತ್ತೇನೆ, ಏರಿಯ ತನಕ ಹೋಗಿ ವಾಪಸು ಬರುತ್ತೇನೆ. ಅಪ್ಪನಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ, ಎದ್ದು ಹೋದರು. ಬೈದಿದ್ದರೆ ಒಳ್ಳೆಯದಿತ್ತು. ನೀನಾದರೂ ಬೈ ಅಜ್ಜಿ. ಹಾಲಿನವಳಿಗೂ ಹೇಳು, ನನ್ನ ಮೊಮ್ಮಗ ಹಿಂಗೆ ಮಾಡ್ಯಾನೆ ಎಂದು.

ಮಾವ ಅತ್ತೆಗೆ ಶರಣು ತಿಳಿಸು. ಕಣ್ಣು ಉಜ್ಜಿಕೊಳ್ಳಬೇಡ. ನಿನ್ನ ಕೈ ನನ್ನ ತಲೆಯ ಮೇಲೆ ಇರಲಿ ಎಂದು ಕೇಳಲು ಈ ಸಲ ನಾಲಿಗೆ ಏಳುತ್ತಿಲ್ಲ, ಆದರೂ ಇರಲಿ.

ನಿನ್ನ
ಗುರು
(ಗುರುಬಸವರಾಜ್)

ಇನ್ನೊಂದು ಮಾತು. ರಂಗಣ್ಣನ ಮಂದೆ ಇಲ್ಲಿಂದ ಹೊನ್ನಾಳಿ ದಾಟಿ ನಿಮ್ಮೂರಿಗೇ ಬರುತ್ತದೆ. ಮಾವನ ಗದ್ದೆಯಲ್ಲಿ ನಿಲ್ಲಿಸಲು ಅಪ್ಪ ಹೇಳಿದ್ದಾರೆ. ಈ ಲಕೋಟೆಯನ್ನು ಅಂಟಿಸಿ ಕಾಟಮ್ಮನ ಕೈಗೇ ಕೊಡುತ್ತೇನೆ. ಅಜ್ಜಿ, ನಿನಗೆ ಇಷ್ಟು ಹೊತ್ತು ಓದಿ ಹೇಳಿದವಳು ಅವಳೇ. ಅವಳ ದನಿ ನಿಂತಿದ್ದರೆ ಅವಸರ ಮಾಡಬೇಡ, ಹತ್ತಿರ ಕೂರಿಸಿಕೊ.

ಕಾಟಮ್ಮ, ನನಗೆ ಕಾಮಾಲೆ ಆಗಿರಲಿಲ್ಲ. ಯಾವ ದೇವರೂ ಮುನಿದಿರಲಿಲ್ಲ. ನೀನು ಹಿಂದೆ ಉಳಿದು ಓದಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಆಗುವುದೂ ಇಲ್ಲ. ಎದುರಿಗೆ ಹೇಳಲಾಗದೆ ನಿನ್ನ ಬಾಯಿಂದಲೇ ಹೇಳಿಸಿದೆ, ಇದೂ ಹೇಡಿತನವೇ. ನಿನ್ನಪ್ಪನಿಗೆ ಮಾತ್ರ ನಾನೇ ಹೇಳಬೇಕು. ನೀವು ಮುಟ್ಟಿದ್ದೇ ಮಾವ ಫೋನ್ ಮಾಡುತ್ತಾನೆ, ಮರುದಿನ ಬೆಳಗಿನ ಬಸ್ಸಿಗೇ ಹೊರಡುತ್ತೇನೆ. ನೀನು ಇದನ್ನು ಓದುವ ಹೊತ್ತಿಗೆ ನಾನು ಅಜ್ಜಿಯ ಮನೆಯ ಜಗಲಿಯ ಮೇಲೆ ಕೂತಿರಬೇಕು. ಸೋಮವಾರ ಬರುತ್ತೇನೆ ಎಂದವನ ಮಾತನ್ನು ನೀನು ನಂಬಬೇಕಾಗಿಲ್ಲ. ಎದ್ದು ಬಾಗಿಲು ತೆಗೆದು ನೋಡು.