ಕಾಲರ್ ಹಿಡಿದ ಹುಡುಗಿ

ಜುಲೈ 7, ಸೋಮವಾರ

ಕಂಪ್ಲಿ ಸ್ಟ್ಯಾಂಡು. ಡ್ರೈವರ್ ಜಡೆಪ್ಪಣ್ಣ ಚಹಾಕ್ಕೆ ಇಳಿದಿದ್ದಾರೆ. ಟಿಕೆಟ್ ಮಷಿನ್ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಬೆಳಗ್ಗೆ ಮಗಳು ತಾಯಕ್ಕನಿಗೆ ಜಡೆ ಹಾಕುವಾಗ —

"ಅಮ್ಮ, ಕೂದ್ಲ ಕಟ್ ಮಾಡಸು. ಬಾಬ್ ಕಟ್."

"ಯಾಕವ್ವ? ಹೇನಾಗ್ಯಾವೇನು?"

"ಇಲ್ಲ. ಶಕಿ."

ಮಳೆಗಾಲದಲ್ಲಿ ಎಂಥ ಸೆಕೆ? ಐದನೇ ಕ್ಲಾಸಿಗೇ ನನ್ನ ಭುಜಕ್ಕೆ ಬಂದಿದ್ದಾಳೆ ಮಗಳು. ಅಜ್ಜಿಯ ಹೆಸರು, ಅಜ್ಜಿಯದೇ ಮೈಕಟ್ಟು. ಆದರೆ ಸಂದಿಯಲ್ಲಿರುವ ಹಲ್ಲಿಗೆ ನೋವಾದೀತೆಂದು ಬಾಗಿಲು ಹಾಕಲೂ ಬಿಡದವಳು.

ಜುಲೈ 10, ಗುರುವಾರ

ಕಟ್ ಮಾಡಿಸಿದೆ. ಪಾರ್ಲರಿನ ಹೊನ್ನೂರಮ್ಮನೇ ಹಿಂಜರಿದಳು — "ಅಕ್ಕ, ಖರೆ ಮಾಡ್ಲೇನು?"

ತಾಯಕ್ಕ ಕನ್ನಡಿ ನೋಡಿಕೊಂಡಳು. "ಈಗ ಬ್ಯಾರೆ ಕಾಣ್ತೀನಾ?"

"ಚೆಂದ ಕಾಣ್ತಿ."

"ಚೆಂದ ಅಲ್ಲಮ್ಮ. ಬ್ಯಾರೆ."

ಒಂದೇ ರೊಟ್ಟಿ ತಿಂದು ಎದ್ದಳು. ಏನೋ ಇದೆ. ಬಾಯಿ ಬಿಡುತ್ತಿಲ್ಲ.

ಜುಲೈ 12, ಶನಿವಾರ

ವೀಕ್ ಆಫ್. ಶಾಲೆಯಿಂದ ಕರೆತರಲು ನಾನೇ ಹೋದೆ. ಹೆಡ್ ಮೇಡಂ ಕೋಣೆಯ ಹೊರಗೆ ಗೋಡೆಗೆ ದೊಡ್ಡ ಕಾರ್ಟೂನು. 'ಶಾಲೆಯಲ್ಲಿ ದಾದಾಗಿರಿ ಬೇಡ.' ದಪ್ಪ ಹುಡುಗಿ, ಎರಡು ಜಡೆ, ಕೆಂಪು ರಿಬ್ಬನ್, ಎಡಗೆನ್ನೆಗೆ ಮಚ್ಚೆ. ಪುಟ್ಟ ಹುಡುಗಿಯೊಬ್ಬಳ ಕಾಲರ್ ಹಿಡಿದು ಎಳೆಯುತ್ತಿದ್ದಾಳೆ. ಪುಟ್ಟಿಯ ಕಣ್ಣಲ್ಲಿ ನೀರು.

ಆ ಮಚ್ಚೆಗೆ ನಾನು ದಿನಾ ಮುತ್ತು ಕೊಡುತ್ತೇನೆ.

ಜಡೆ ಯಾಕೆ ಬೇಡವಾಯಿತೆಂದು ಆಗ ತಿಳಿಯಿತು. ಸೀದಾ ಒಳಗೆ ಹೋಗಿ ಕೇಳಿದೆ.

"ಅದು ಕಾರ್ಟೂನ್ ರೀ ಪಲ್ಲವಿ, ಯಾರ್ದೂ ಅಲ್ಲ. ತಲಿ ಕೆಡಿಸ್ಕೋಬ್ಯಾಡ್ರಿ" ಎಂದರು ಹೆಡ್ ಮೇಡಂ.

"ಹುಡುಗ್ರು ಆಕೀನ ಲೇಡಿ ದಾದಾ ಅಂತ ಕರೀತಾವ್ರಿ. ಈಗ್ ಇಲ್ಲೇ ಕೇಳಿಸ್ಕೊಂಡು ಬಂದೆ."

ಚಿತ್ರ ಬರೆದ ಡ್ರಾಯಿಂಗ್ ಮೇಷ್ಟ್ರು ಲಿಂಗರಾಜ್ ಅವರನ್ನು ಕರೆಸಿದರು. ಎಳೆ ವಯಸ್ಸು. ನೇರವಾಗಿಯೇ ಹೇಳಿದರು. "ಹೆಸ್ರು ಹಾಕಿಲ್ರಿ ನಾನು. ಆದ್ರ ಕಣ್ಣಾರೆ ನೋಡೀನಿ. ಗೇಟಿನ ಹತ್ರ ನಿಮ್ಮ ಹುಡುಗಿ ಸಣ್ಣ ಪಾಪೂನ ಹಿಂಗ ಎಳೀತಿದ್ಲು. ಅದು ಅಳ್ತಿತ್ತು."

ನನ್ನ ತಾಯಕ್ಕನಾ?

ಅದೇ ದಿನ, ಸಂಜೆ

ಹೊರಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕೇಳಿದೆ. ಚಪ್ಪಲಿಯ ಪಟ್ಟಿ ಎಳೆಯುತ್ತ ಹೇಳಿದಳು.

"ಸ್ನೇಹಾ ಅಂತ ಅದಾಳಮ್ಮ. ಒಂದನೇ ಕ್ಲಾಸ್. ಗೇಟ್ ದಾಟಿ ರೋಡಿಗೆ ಓಡಿದ್ಲು. ಅದಿರಿನ ಲಾರಿ ಬರ್ತಿತ್ತು. ಕೈ ಸಿಗ್ಲಿಲ್ಲ, ಕಾಲರ್ ಸಿಕ್ತು."

"ಸರ್‌ಗೆ ಹೇಳ್ಬಾರ್ದಾ ಇದನ್ನ?"

"ರೋಡಿಗೆ ಹೋಗಿದ್ಲು ಅಂತ ಗೊತ್ತಾದ್ರ ಅವ್ರಮ್ಮ ಹೊಡೀತಾಳಂತ. ಹೇಳಲ್ಲ ಅಂತ ಆಣಿ ಮಾಡೀನಿ. ನೀನೂ ಹೇಳ್ಬ್ಯಾಡ."

ಮತ್ತೆ ಅವಳೇ, "ಈಗ ಅವ್ರಮ್ಮ ಆಕೀನ ನನ್ನ ಹತ್ರ ಬಿಡಲ್ಲ. ಕಾರ್ಟೂನ್ ನೋಡಿ ಹೆದ್ರ್ಯಾಳ."

ಅಪ್ಪಿಕೊಂಡೆ. ತೋಳಿಗೆ ಹಿಡಿಸದಷ್ಟು ದೊಡ್ಡ ಮಗಳು. ಅಳು ಮಾತ್ರ ಸಣ್ಣ ಮಗುವಿನದು.

ಜುಲೈ 15, ಮಂಗಳವಾರ

ಲಿಂಗರಾಜ್ ಸರ್ ನನ್ನ ಬಸ್ಸಿಗೇ ಹತ್ತಿದರು. ಕಂಪ್ಲಿಯವರಂತೆ. ಟಿಕೆಟ್ ಕೊಟ್ಟು ಮುಂದೆ ಹೋದೆ. ಮಗಳು ಹೇಳಬೇಡ ಎಂದಿದ್ದಾಳೆ... ತಡೆದುಕೊಂಡೆ. ಆಗಲಿಲ್ಲ. ಮತ್ತೆ ಹಿಂದೆ ಬಂದೆ.

"ಸರ್, ಅವತ್ತು ಲಾರಿ ನೋಡಿದ್ರೇನ್ರಿ?"

"ಯಾವ ಲಾರಿ?"

ಎಲ್ಲ ಹೇಳಿದೆ. ಆ ಮಗುವಿನ ಹೆಸರು ಮಾತ್ರ ಹೊರಗೆ ಬರಬಾರದು ಎಂದು ಕೈ ಮುಗಿದೆ. ಕಂಪ್ಲಿಯಲ್ಲಿ ಎಲ್ಲರೂ ಇಳಿದರು, ಸರ್ ಮಾತ್ರ ಏಳಲಿಲ್ಲ.

"ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದ್ದೆ ರೀ ನಾನು. ಕಂಪೌಂಡ್ ಗೋಡೆ ಅಡ್ಡ ಐತಿ. ಅಲ್ಲಿಂದ ರೋಡ್ ಕಾಣಂಗೇ ಇಲ್ಲ."

ಜುಲೈ 23, ಬುಧವಾರ

ಇಷ್ಟು ದಿನ ಬರೆಯಲು ಪುರುಸೊತ್ತೇ ಸಿಗಲಿಲ್ಲ. ಸರ್ ಮರುದಿನವೇ ಚಿತ್ರ ಇಳಿಸಿದ್ದಾರೆ. ತಾಯಕ್ಕನನ್ನು ಕರೆದು, "ತಪ್ಪಾತವ್ವ, ಇದನ್ನ ಹರಿದು ಹಾಕ್ತೀನಿ" ಎಂದರಂತೆ.

"ಹರೀಬ್ಯಾಡ್ರಿ ಸರ್. ಲಾರಿ ಹಾಕ್ರಿ" ಎಂದಳಂತೆ ಇವಳು. ಆಮೇಲೆ, "ಸಣ್ಣಾಕಿಗೆ ಚಡ್ಡಿ ಹಾಕಿ ಹುಡುಗ ಮಾಡ್ರಿ. ಸ್ನೇಹಾ ಅಂತ ಯಾರಿಗೂ ಗೊತ್ತಾಗ್ಬಾರ್ದು."

ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಬರೆದರಂತೆ. ಲಾರಿಗೆ ಬಣ್ಣ ಇವಳದು. ಹೇಳಿಬಿಟ್ಟಿದ್ದಕ್ಕೆ ನನ್ನ ಮೇಲೆ ಅರ್ಧ ದಿನ ಮುನಿಸು. ನಮ್ಮ ಯಜಮಾನರು ಶಿಫ್ಟ್ ಮುಗಿಸಿ ಬಂದವರು, "ಲಾರಿಗೆ ಹಾರ್ನ್ ಹಾಕೀಯೇನವ್ವ?" ಎಂದು ಕೇಳಿದಾಗ ನಕ್ಕಳು. ಎಷ್ಟು ದಿನವಾಗಿತ್ತು ಆ ನಗೆ ಕೇಳಿ!

ಜುಲೈ 24, ಗುರುವಾರ. ಸಂಜೆ

ಚಿತ್ರ ಮತ್ತೆ ಗೋಡೆಗೆ ಬಂತು. ಬೆಳಗಿನ ಡ್ಯೂಟಿ ಮುಗಿಸಿ ಶಾಲೆ ಬಿಡುವ ಹೊತ್ತಿಗೆ ಹೋದೆ. ಮಕ್ಕಳ ಗುಂಪು. ಸ್ನೇಹಾಳ ಕೈ ಬಿಗಿಯಾಗಿ ಹಿಡಿದು ಅವರಮ್ಮನೂ ನಿಂತಿದ್ದರು.

"ತಾಯಕ್ಕ ಉಳಿಸಿದ್ ಹುಡುಗ ಯಾರಲೇ?" ಯಾರೋ ಕೇಳಿದರು.

ಸ್ನೇಹಾ ಕೈ ಕಿತ್ತುಕೊಂಡಳು. "ಹುಡುಗ ಅಲ್ಲ! ಅದು ನಾನು! ನಾನಽ ಓಡಿದ್ದು!"

ಅವರಮ್ಮನ ಕೈ ಮೇಲೆದ್ದಿತು. ತಾಯಕ್ಕ ನಡುವೆ ಹೋಗಿ ನಿಂತುಬಿಟ್ಟಳು. "ಹೊಡೀಬ್ಯಾಡ್ರಿ ಆಂಟಿ. ಸಣ್ಣಾಕಿ ಅದಾಳ."

ಎತ್ತಿದ ಕೈ ಹಾಗೇ ನಿಂತಿತು. ಆಕೆ ಲಾರಿ ನೋಡಿದರು. ತಮ್ಮ ಮಗಳನ್ನು ನೋಡಿದರು. ಸ್ನೇಹಾಳನ್ನು ಎತ್ತಿಕೊಂಡು ಸರಸರನೆ ಹೊರಟೇ ಹೋದರು. ಮನೆಗೆ ಬಂದಾಗಿನಿಂದ ತಾಯಕ್ಕನಿಗೆ ಒಂದೇ ಚಿಂತೆ — "ಹೊಡೆದಿರ್ತಾಳೇನಮ್ಮ?"

ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಪುಟ್ಟ ಕೈ. "ತಾಯಕ್ಕಾ!" — ಸ್ನೇಹಾ. ಅವಳ ಹಿಂದೆಯೇ ಅವರಮ್ಮನ ದನಿ, ಅಳುಕುತ್ತ, "ಪಲ್ಲವಿಯವ್ರೇ, ಒಳಗ ಬರ್ಲೇನ್ರಿ?" ನಾನು ಏಳುವ ಮೊದಲೇ ತಾಯಕ್ಕ ಓಡಿ ಹೋಗಿ ಬಾಗಿಲು ತೆರೆದಳು.